ಅಂಟುಮನೆಯ ಮೊಳೆಗಳು

ರಸ್ತೆಯ ನಡುವೆ ಒಂಟಿ ಚಪ್ಪಲಿಯೊಂದು ಬಿದ್ದಿತ್ತು. ಹೆಂಗಸಿನ ಚಪ್ಪಲಿ. ಬಾರು ಹರಿದಿರಲಿಲ್ಲ, ಅಟ್ಟೆ ಸವೆದಿರಲಿಲ್ಲ. ಯಾರೋ ಆಗಷ್ಟೇ ಕಾಲು ತೆಗೆದು ಮುಂದೆ ಹೋದಂತಿತ್ತು. ತಲೆ ಎತ್ತಿ ನೋಡಿದರೆ ಅನತಿ ದೂರದಲ್ಲಿ ಒಬ್ಬಾಕೆ ಊಟದ ಡಬ್ಬಿ ಹಿಡಿದು ನಡೆಯುತ್ತಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬೆಳಗಿನ ಬಿಸಿಲಿಗೆ ಟಾರು ಆಗಲೇ ಕಾಯತೊಡಗಿತ್ತು. ಆದರೂ ಆ ಬರಿಗಾಲು ಟಾರನ್ನು ಚಪ್ಪಲಿಯಷ್ಟೇ ನಿಶ್ಚಿಂತೆಯಿಂದ ಮೆಟ್ಟಿ ನಡೆಯುತ್ತಿತ್ತು. ನಾನು ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದೆ.

"ಅಕ್ಕಾ, ನಿಮ್ಮ ಚಪ್ಪಲಿ!"

ಅವಳು ಮೊದಲು ನನ್ನ ಕೈ ನೋಡಿದಳು, ಆಮೇಲೆ ತನ್ನ ಕಾಲು.

"ಅಯ್ಯೋ, ಇವತ್ತೂ ಬಿದ್ದೋಯ್ತಾ? ಕೊಡವ್ವ. ಚಪ್ಪಲಿ ಕಾರ್ಖಾನೆಯೋಳ ಕಾಲಲ್ಲೇ ಚಪ್ಪಲಿ ನಿಲ್ಲಾಕಿಲ್ಲ, ನೋಡು ನನ್ ಗ್ರಾಚಾರವ."

ನಗುತ್ತಲೇ ಬಗ್ಗಿ, ಕಣ್ಣಿಟ್ಟು ನೋಡುತ್ತ, ಬೆರಳುಗಳನ್ನು ಕೈಯಿಂದ ಹಿಡಿದು ಒಂದೊಂದಾಗಿ ಬಾರಿನೊಳಗೆ ತೂರಿಸಿಕೊಂಡಳು. ಮಗುವಿಗೆ ಚಪ್ಪಲಿ ತೊಡಿಸುವವರು ಹಾಗೆ ಮಾಡುತ್ತಾರೆ. ತನ್ನ ಕಾಲಿಗೆ ತಾನೇ ಹಾಗೆ ತೊಡಿಸಿಕೊಳ್ಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವಳ ಹೆಸರು ಚೆಲುವಾಜಮ್ಮ. ಶಿವನಂಜಯ್ಯನವರ ಕಾರ್ಖಾನೆಯ ಅಂಟುಮನೆಯಲ್ಲಿ ಕೆಲಸ.

ಆ ಊರು ಚಪ್ಪಲಿಯಿಂದ ಬದುಕುತ್ತಿದ್ದ ಊರು. ಗಲ್ಲಿಗೊಂದು ಕಾರ್ಖಾನೆ. ಗಾಳಿ ಯಾವ ಕಡೆಯಿಂದ ಬೀಸಿದರೂ ತೊಗಲಿನ ವಾಸನೆ, ಇಲ್ಲವೆಂದರೆ ಸಲ್ಯೂಷನ್ ವಾಸನೆ. ಸಲ್ಯೂಷನ್ ಎಂದರೆ ಅಟ್ಟೆಗೆ ಬಾರು ಅಂಟಿಸುವ ಗೋಂದು. ಸೈಕಲ್ಲಿನ ಪಂಕ್ಚರ್ ಹಾಕುವವರ ಬಳಿ ಇರುತ್ತದಲ್ಲ, ಅದರ ಅಣ್ಣ. ಅದು ಗಟ್ಟಿಯಾಗದಿರಲೆಂದು ಡ್ರಮ್ಮಿನಿಂದ ಥಿನ್ನರ್ ಸುರಿದು ಕಲಸುತ್ತಿದ್ದರು. ಈ ಕೆಲಸ ನಡೆಯುವ ಕೋಣೆಯೇ ಅಂಟುಮನೆ. ಅಲ್ಲಿ ಕೂರುವವರೆಲ್ಲ ಹೆಂಗಸರು. ಪಕ್ಕದ ಹೊಲಿಗೆ ಅಂಕಣದಲ್ಲಿ ಗಂಡಸರು. ಕೆಲವು ಕಾಲದಿಂದ ಊರಿನಲ್ಲಿ ಕಾಲು ಜೋಮು ಹಿಡಿದವರು, ಮೆಟ್ಟಿಲು ಹತ್ತುವಾಗ ಮುಗ್ಗರಿಸುವವರು ಹೆಚ್ಚಾಗಿದ್ದರು. ಒಬ್ಬರು ಸಕ್ಕರೆ ಕಾಯಿಲೆ ಎಂದರು, ಇನ್ನೊಬ್ಬರು ನರ ದೌರ್ಬಲ್ಯ ಎಂದು ಟಾನಿಕ್ ಮಾರಿದರು. ಕೆಲಸದ ಗಾಳಿಗೂ ಕಾಲಿನ ಜೋಮಿಗೂ ನಂಟಿದೆಯೇ ಎಂದು ಊರಿನ ಕಾರ್ಖಾನೆಗಳನ್ನೆಲ್ಲ ಸೇರಿಸಿ ನೋಡಿ ಹೇಳಲು ಪುರಸಭೆ ನಮ್ಮನ್ನು ಕರೆಸಿತ್ತು. ನಮ್ಮ ತಂಡದ ಯಜಮಾನಿ ಡಾಕ್ಟರ್ ತುಂಗಾಬಾಯಿ. ಮಾತು ಕಡಿಮೆ, ಹಟ ಜಾಸ್ತಿ. ನಾನು ಅವರ ಸಹಾಯಕಿ. ನನಗೆ ಹಟವೂ ಜಾಸ್ತಿ, ಮಾತೂ ಜಾಸ್ತಿ.

ಯಾರಿಗೆ ಕಾಯಿಲೆ ಇದೆ ಎಂದು ತಿಳಿಯುವುದು ಅಂಥ ಕಷ್ಟವಲ್ಲ. ಸೂಜಿಯ ತುದಿ ಸೋಕಿಸಿದರೆ ಕಾಲೇ ಹೇಳುತ್ತದೆ. ಯಾರು ಎಷ್ಟು ಉಸಿರಾಡಿದ್ದಾರೆ ಎಂದು ತಿಳಿಯುವುದೇ ಕಷ್ಟ. ಅವರನ್ನೇ ಕೇಳಬಹುದು. ಆದರೆ ನೋವಿದ್ದವರಿಗೆ ಹಳೆಯದೆಲ್ಲ ಹೆಚ್ಚಾಗಿಯೇ ನೆನಪಾಗುತ್ತದೆ, ಕೆಲಸ ಹೋದೀತೆಂಬ ಹೆದರಿಕೆ ಇದ್ದವರು ಕಡಿಮೆ ಹೇಳುತ್ತಾರೆ. ಕೆಲಸದ ಹೆಸರು ನೋಡಿ ಅಂದಾಜು ಕಟ್ಟಬಹುದು: ಅಂಟುಮನೆಯವರಿಗೆ ಹೆಚ್ಚು, ಹೊಲಿಗೆಯವರಿಗೆ ಮಧ್ಯಮ, ಚಪ್ಪಲಿ ಡಬ್ಬಕ್ಕೆ ತುಂಬುವವರಿಗೆ ಕಡಿಮೆ. ಆದರೆ ಅದು ನಮ್ಮ ಊಹೆ ಅಷ್ಟೆ. ಕಾರ್ಖಾನೆಯವರು ಕೇಳಿದರೆ ನಗುತ್ತಾರೆ. ಆದ್ದರಿಂದ ತುಂಗಾಬಾಯಿ ಅಳೆದೇ ತೀರಬೇಕೆಂದು ಯಂತ್ರಗಳನ್ನು ತರಿಸಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪಂಪು, ಅದರಿಂದ ಭುಜದವರೆಗೆ ಒಂದು ನಳಿಕೆ, ನಳಿಕೆಯ ತುದಿಗೆ ಇದ್ದಿಲ ಪುಡಿ ತುಂಬಿದ ಗಾಜಿನ ಕೊಳವೆ. ಮೂಗಿನ ಹತ್ತಿರ ಕೂತು ಅದು ತಾನೂ ಗುಂಯ್ ಎಂದು ಉಸಿರಾಡುತ್ತಿತ್ತು. ಸಂಜೆ ಕೊಳವೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ, ಆ ಮನುಷ್ಯನ ಮೂಗಿಗೆ ದಿನವಿಡೀ ಏನು ಹೋಯಿತೆಂದು ಇದ್ದಿಲು ಹೇಳುತ್ತಿತ್ತು.

ಕಾರ್ಖಾನೆಯ ಒಳಗೆ ಮಾತ್ರ ನಮಗೆ ಪ್ರವೇಶವಿರಲಿಲ್ಲ. "ಬೆಂಕಿ ಭಯ ಕಣಮ್ಮಾ, ಥಿನ್ನರ್ ಅಂದ್ರೆ ಹುಡುಗಾಟ ಅಲ್ಲ" ಎಂದು ಶಿವನಂಜಯ್ಯ ನಯವಾಗಿಯೇ ಗೇಟಿನ ಬಳಿ ಕುರ್ಚಿ ಹಾಕಿಸಿದ್ದರು, ಕಾಫಿಯನ್ನೂ ಕಳಿಸುತ್ತಿದ್ದರು. ಬೆಳಿಗ್ಗೆ ಗೇಟಿನಲ್ಲಿ ಯಂತ್ರ ಕಟ್ಟಿ ಕಳಿಸುತ್ತಿದ್ದೆವು, ಸಂಜೆ ಗೇಟಿನಲ್ಲೇ ಬಿಚ್ಚಿಕೊಳ್ಳುತ್ತಿದ್ದೆವು. ಉಳಿದ ಕಾರ್ಖಾನೆಗಳಲ್ಲೂ ಇದೇ ಪದ್ಧತಿ.

ಯಂತ್ರ ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಚೆಲುವಾಜಮ್ಮ ಮೆಲ್ಲಗೆ ಕೇಳಿದಳು.

"ಅವ್ವಾ, ಇದೆಲ್ಲ ಅಳ್ದು ಏನು ಹೇಳ್ತೀರಿ ನೀವು?"

"ಕಾಲು ಜೋಮು ಹಿಡಿಯೋದು ಸಲ್ಯೂಷನ್‌ನಿಂದಲೋ ಅಲ್ಲವೋ ಅಂತ."

"ಹಂಗಾರೆ ಬೇಗ ಹೇಳಿ. ನಾನು ಮುಗ್ಗರಿಸೋದ ನೋಡಿ ಸಾವ್ಕಾರ್ರು, ನಿನ್ ಸ್ಟೂಲು ನಿನ್ ಮಗಳಿಗೇ ಕೊಡ್ತೀನಿ, ತಿಂಗಳು ಮುಗೀಲಿ ಅಂದವ್ರೆ. ಒಳ್ಳೆ ಮನಸಿಂದ್ಲೇ ಅಂದವ್ರೆ, ಇಲ್ಲಾಂತ ಅನ್ನಕಿಲ್ಲ. ಸುಗುಣ ಕುಣೀತಾವ್ಳೆ. ನಂಗೆ ಮಾತ್ರ ರಾತ್ರಿ ನಿದ್ದೆ ಹತ್ತಾಕಿಲ್ಲ. ನನ್ ಕಾಲು ಹೋದ್ರೆ ಹೋಯ್ತು. ಅವಳನ್ನ ಆ ಸ್ಟೂಲ್ ಮ್ಯಾಲೆ ಕೂರಿಸ್ಲಾ, ಬ್ಯಾಡ್ವಾ? ಅದೊಂದು ಹೇಳಿಬುಡಿ ಸಾಕು."

"ಹೇಳ್ತೀನಿ" ಎಂದೆ. ಯಾವ ಅಧಿಕಾರದಿಂದ ಹೇಳಿದೆನೋ ಗೊತ್ತಿಲ್ಲ. ಆದರೆ ಹೇಳಿದ ಮೇಲೆ ಆ ಮಾತು ನನ್ನ ಕುತ್ತಿಗೆಗೆ ಕಟ್ಟಿದ ಹಾಗಾಯಿತು.

ಪ್ರಯೋಗಾಲಯದಿಂದ ಅಂಕಿಗಳು ಬಂದಾಗ ಎಲ್ಲ ತಲೆಕೆಳಗಾಗಿತ್ತು. ಜೋಮು ಹಿಡಿದವರಲ್ಲಿ ಹೆಚ್ಚಿನವರು ಅಂಟುಮನೆಯ ಹೆಂಗಸರು. ಆದರೆ ಥಿನ್ನರ್ ಗಾಳಿ ಎಲ್ಲರಿಗಿಂತ ಕಡಿಮೆ ಕುಡಿದವರೂ ಅವರೇ! ಹೊಲಿಗೆಯ ಗಂಡಸರ ಕೊಳವೆಗಳಲ್ಲಿ ಅದಕ್ಕಿಂತ ಹೆಚ್ಚಿತ್ತು, ಅವರ ಕಾಲುಗಳೋ ಗಟ್ಟಿಮುಟ್ಟಾಗಿದ್ದವು. ಒಂದು ಕಾರ್ಖಾನೆಯಲ್ಲಿ ಹೀಗೆ ಬಂದಿದ್ದರೆ ತಪ್ಪೆನ್ನಬಹುದಿತ್ತು. ಎಲ್ಲ ಕಾರ್ಖಾನೆಗಳಲ್ಲೂ ಹೀಗೆಯೇ.

"ಇದನ್ನ ಹೀಗೇ ಬರೆದುಕೊಟ್ಟರೆ ಶಿವನಂಜಯ್ಯ ನಮಗೆ ಹಾರ ಹಾಕ್ತಾರೆ" ಎಂದರು ತುಂಗಾಬಾಯಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ.

"ಬರೆದುಕೊಡ್ತೀರಾ?"

"ಬಂದದ್ದನ್ನ ಬರೀಬೇಕಮ್ಮ. ನಮಗೆ ಬೇಕಾದ್ದನ್ನ ಬರೆಯೋಕೆ ಹೊರಟರೆ ಆ ಟಾನಿಕ್ ಮಾರೋನಿಗೂ ನಮಗೂ ಏನು ವ್ಯತ್ಯಾಸ?" ಎಂದು ಕನ್ನಡಕ ಮತ್ತೆ ಏರಿಸಿಕೊಂಡರು. "ಆದರೆ ಪುರಸಭೆಯ ಆರೋಗ್ಯ ಸಮಿತಿ ಸೇರೋದು ತಿಂಗಳ ಕೊನೆಗೆ. ಅಲ್ಲೀವರೆಗೆ, ಯಾಕೆ ಹೀಗೆ ಬಂತು ಅಂತ ಕೇಳೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ."

ನನಗೆ ಕೋಪ ಬಂದಿತ್ತು. ಇದ್ದಿಲಿನ ಮೇಲೆ, ಗಾಜಿನ ಮೇಲೆ, ಗೇಟಿನ ಕಾಫಿಯ ಮೇಲೆ. ಮರುದಿನ ಯಂತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಬಿಚ್ಚಿ ನೋಡತೊಡಗಿದೆ. ಪಂಪು ಸರಿಯಾಗಿಯೇ ಎಳೆಯುತ್ತಿತ್ತು, ನಳಿಕೆ ಎಲ್ಲೂ ಸೋರುತ್ತಿರಲಿಲ್ಲ. ಹೊಲಿಗೆಯವರ ಯಂತ್ರಗಳು ಎಣ್ಣೆ, ಧೂಳು, ನೂಲಿನ ಚೂರುಗಳಿಂದ ಗಲೀಜಾಗಿದ್ದವು. ಬಟ್ಟೆ ಹಿಡಿದು ಒರೆಸುತ್ತ ಅಂಟುಮನೆಯವರ ಯಂತ್ರಗಳಿಗೆ ಬಂದಾಗ ನನ್ನ ಕೈ ನಿಂತಿತು. ಅಲ್ಲಿ ಒರೆಸಲು ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಸಲ್ಯೂಷನ್ನಿನಲ್ಲಿ ಕೈಯಾಡಿಸುವವರು, ಉಗುರಿನ ಸಂದಿಯಲ್ಲೆಲ್ಲ ಅಂಟು ಮೆತ್ತಿಕೊಂಡಿರುವವರು ಕಟ್ಟಿಕೊಂಡ ಯಂತ್ರದ ಮೇಲೆ ಒಂದು ಹನಿಯೂ ಇಲ್ಲವೆಂದರೆ ಹೇಗೆ? ಚೆಲುವಾಜಮ್ಮನ ಯಂತ್ರದ ಕೊಕ್ಕೆಯಲ್ಲಿ ಮಾತ್ರ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ತೆಗೆದೆ. ಬಾಡಿದ ಕನಕಾಂಬರದ ಎಸಳು.

ಹೂವು ತಲೆಯಲ್ಲಿರುತ್ತದೆ, ಕೊಕ್ಕೆ ಸೊಂಟದಲ್ಲಿರುತ್ತದೆ. ಇವೆರಡೂ ಎಲ್ಲಿ ಭೇಟಿಯಾದವು?

ಮಾರನೆಯ ಬೆಳಿಗ್ಗೆ ನೇರ ಶಿವನಂಜಯ್ಯನವರ ಎದುರು ನಿಂತೆ.

"ಸಾರ್, ನಾನು ಅಂಟುಮನೆ ಒಳಗೆ ಹೋಗಬೇಕು."

"ಬೆಂಕಿ ಭಯ ಅಂತ ಹೇಳಿದ್ನಲ್ಲಮ್ಮ."

"ನನ್ನ ಬಾಯಲ್ಲಿ ಬೀಡಿ ಇಲ್ಲ ಸಾರ್. ಬೇಕಾದರೆ ಸೆರಗು ಕೊಡವಿ ತೋರಿಸ್ತೀನಿ."

ಅವರು ನಕ್ಕುಬಿಟ್ಟರು. ಮನುಷ್ಯ ಕೆಟ್ಟವರಲ್ಲ. ಹೇಗಿದ್ದರೂ ಅಂಕಿಗಳು ತಮ್ಮ ಕಡೆಗಿವೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು. "ಹೋಗಮ್ಮ, ಹೋಗು. ನೋಡ್ಕೊಂಡು ಬಾ" ಎಂದರು.

ಹೊಲಿಗೆ ಅಂಕಣ ದಾಟಿದರೆ ಒಂದು ಓಣಿ. ಓಣಿಗೆ ಅಂಗಳದ ಕಡೆ ದೊಡ್ಡ ಕಿಟಕಿ, ತಣ್ಣಗೆ ಗಾಳಿ ಬರುತ್ತಿತ್ತು. ಓಣಿಯ ಕೊನೆಗೆ ಅಂಟುಮನೆಯ ಬಾಗಿಲು. ಬಾಗಿಲ ಹೊರಗೆ, ಕಿಟಕಿಯ ಪಕ್ಕದ ಗೋಡೆಯಲ್ಲಿ ಸಾಲಾಗಿ ಮೊಳೆಗಳು. ಒಂದೊಂದು ಮೊಳೆಗೂ ಒಂದೊಂದು ಸಂಸಾರ: ಕನಕಾಂಬರದ ಮಾಲೆ, ಗಾಜಿನ ಬಳೆಗಳನ್ನು ಪೋಣಿಸಿದ ದಾರ, ಒಗೆದು ಮಡಿಸಿದ ವಲ್ಲಿ, ಯಾರದೋ ಬೆಳ್ಳಿಯ ಕಾಲುಂಗುರ ಇದ್ದ ಪುಟ್ಟ ಚೀಲ. ಅವುಗಳ ನಡುವೆ, ಹೂವಿನ ಪಕ್ಕದಲ್ಲಿ, ಬಳೆಗಳ ಪಕ್ಕದಲ್ಲಿ, ನಮ್ಮ ಯಂತ್ರಗಳು ತೂಗುತ್ತಿದ್ದವು. ಕಿಟಕಿಯ ತಣ್ಣನೆ ಗಾಳಿಯನ್ನು ಗುಂಯ್ ಎಂದು ಸುಖವಾಗಿ ಸೇದುತ್ತಿದ್ದವು.

ನಾನು ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಮೊದಲು ನೋಡಿದವಳು ಜರೀನಾ, ಚೆಲುವಾಜಮ್ಮನ ಪಕ್ಕದ ಸ್ಟೂಲಿನವಳು. ಗಾಬರಿಯಿಂದ ಎದ್ದು ಬಂದಳು.

"ಮೇಡಂ, ಹಾಳು ಮಾಡಿಲ್ಲ! ಒಂದು ಹನಿ ಸೋಕಿಸಿಲ್ಲ, ಬೇಕಾದ್ರೆ ನೋಡಿ!"

"ಇಲ್ಲಿ ಯಾಕೆ ತೂಗುಹಾಕಿದ್ದೀರಿ?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಚೆಲುವಾಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದಳು. "ಇನ್ನೇನು ಮಾಡ್ಲವ್ವ? ಒಳ್ಳೆ ವಸ್ತುವ ಅಂಟುಮನೆ ಒಳಕ್ಕೆ ಯಾರು ಒಯ್ತಾರೆ? ನಮ್ಮತ್ತೆ ಕಾಲದಿಂದ್ಲೂ ಇದೇ ಪದ್ಧತಿ, ಊರಿನ ಎಲ್ಲಾ ಅಂಟುಮನೇಲೂ ಅಷ್ಟೇಯ. ಹೂವ ಮೊಳೆಗೆ, ಬಳೆ ಮೊಳೆಗೆ. ಮಲ್ಲಿಗೆ ಅಂತೂ ಮುಡಿಯೋದೇ ಬುಟ್ಟಿದ್ದೀವಿ, ಆ ವಾಸ್ನೆಯಾಗೆ ಅದ್ರ ಗಮ ಯಾರಿಗೆ ಗೊತ್ತಾಯ್ತದೆ? ಕನಕಾಂಬರಕ್ಕಾದ್ರೆ ಕಳ್ಕೊಳಕ್ಕೆ ಗಮವೇ ಇಲ್ಲ. ನಿಮ್ಮ ಮಿಷನ್ನು ಗಾಜಿಂದು, ಬೆಲೆ ಬಾಳೋದು. ನಮ್ ಮೈಗೆ ಅಂಟಿದ್ರೆ ಉಜ್ಕೋತೀವಿ. ಅದಕ್ಕಂಟಿದ್ರೆ ಏನ್ ಮಾಡೋದು?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಳು ಬಂತು. ತಮ್ಮ ಉಸಿರಿಗಿಂತ ನಮ್ಮ ಗಾಜನ್ನು ಜೋಪಾನ ಮಾಡಿದ್ದ ಹೆಂಗಸರ ಮುಂದೆ ಕೂಗಾಡುವುದು ಹೇಗೆ? ಓಣಿಯಲ್ಲೇ ಕೂತು, ಅವರನ್ನೂ ಕೂರಿಸಿಕೊಂಡು, ಯಂತ್ರ ಏಕೆ ಮೂಗಿನ ಹತ್ತಿರವೇ ಇರಬೇಕೆಂದು ಬಿಡಿಸಿ ಹೇಳಿದೆ. ಕಾರ್ಖಾನೆಯ ಗಾಳಿ ಹೇಗಿದೆ ಎಂದಲ್ಲ ನಾವು ಕೇಳುತ್ತಿರುವುದು, ನಿಮ್ಮ ಎದೆಯೊಳಗೆ ಏನು ಹೋಗುತ್ತಿದೆ ಎಂದು.

ಜರೀನಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಚೆಲುವಾಜಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. "ಹಂಗಾರೆ ಇಷ್ಟು ದಿನ ಅಳ್ದಿದ್ದು ನಮ್ಮನ್ನಲ್ಲ?"

"ಅಲ್ಲ."

"ಇನ್ನೊಂದ್ಸಲ ಅಳೀರಿ."

ಅಂದು ಸಂಜೆ ತುಂಗಾಬಾಯಿ ಎಲ್ಲ ಕೇಳಿ, ಬಹಳ ಹೊತ್ತು ನಕ್ಕರು. ಆಮೇಲೆ ಗಂಭೀರವಾದರು. "ಸುಮ್ಮನೆ ಇನ್ನೊಮ್ಮೆ ಅಳೆದರೆ ಸಾಲದು. ಈ ಸಲ ಹೆಂಗಸರು ಕೊಳವೆಯನ್ನ ಡ್ರಮ್ಮಿನಲ್ಲೇ ಅದ್ದಿದರು ಅಂತಾರೆ ಕಾರ್ಖಾನೆಯವರು. ಆಗೇನು ಹೇಳ್ತೀಯ?"

ಅದಕ್ಕೆ ಉತ್ತರವನ್ನು ಇಬ್ಬರೂ ಸೇರಿ ಹುಡುಕಿದೆವು. ಹೆಂಗಸರ ಮೈಮೇಲೆ ಯಂತ್ರ. ಅವರ ಜೊತೆ ದಿನವಿಡೀ ಕೂರುವ ನನ್ನ ಮೈಮೇಲೂ ಒಂದು. ಮತ್ತೆ, ಇದು ತುಂಗಾಬಾಯಿಯ ಯೋಚನೆ, ಆ ಹಳೆಯ ಮೊಳೆಯ ಮೇಲೆ, ಕನಕಾಂಬರದ ಪಕ್ಕದಲ್ಲಿ, ಇನ್ನೊಂದು.

ಚೆಲುವಾಜಮ್ಮನಿಗೆ ನಾನೊಂದು ಬುದ್ಧಿಮಾತು ಹೇಳಹೋದೆ. "ಅಕ್ಕಾ, ಜರೀನಾ ಮತ್ತೆ ಉಳಿದವರು ಇದ್ದಾರಲ್ಲ, ಅವರನ್ನ ಅಳೆದರೆ ಸಾಕು. ನೀವು ಇವತ್ತಿಂದಲೇ ಬಿಟ್ಟುಬಿಡಿ. ಬಿಟ್ಟರೆ ಕಾಲು ನಿಧಾನಕ್ಕೆ ಚೇತರಿಸಿಕೊಳ್ಳಬಹುದು. ಒಂದೊಂದು ದಿನವೂ ಕೆಟ್ಟದ್ದೇ."

"ನಾ ಎದ್ರೆ ಸ್ಟೂಲು ಖಾಲಿ ಆಯ್ತದೆ" ಎಂದಳು ಅವಳು. "ಖಾಲಿ ಆದ್ರೆ ಮಾರನೇ ದಿನವೇ ಸುಗುಣನ ಕೂರಿಸ್ತಾರೆ. ಅವಳು ಬ್ಯಾರೆ ನನ್ ಮಾತು ಕೇಳೋಳಲ್ಲ, ನಿಂಗ್ಯಾಕೆ ಹೊಟ್ಟೆಕಿಚ್ಚು ಅಂತಾಳೆ. ನೀವು ಬಾಯ್ಬುಟ್ಟು ಹೇಳೋಗಂಟ ನಾ ಏಳಾಕಿಲ್ಲ. ಕಾಲು ಬಿದ್ದೋದ್ರೂ ಏಳಾಕಿಲ್ಲ."

ಹಾಗೆ ಹೇಳಿ ಒಳಗೆ ಹೋಗಿ ಕೂತಳು. ನಾನು ಅವಳ ಪಕ್ಕ ಒಂದು ಮಣೆ ಹಾಕಿಕೊಂಡು ಕೂತೆ.

ಒಂದು ತೊಡಕು ಉಳಿದಿತ್ತು. ಎಷ್ಟು ಹೇಳಿದರೂ ಹೆಂಗಸರ ಕೈ ಅಭ್ಯಾಸ ಬಲದಿಂದ ಸೊಂಟಕ್ಕೆ ಹೋಗುತ್ತಿತ್ತು, ಯಂತ್ರಕ್ಕೆ ಮೆತ್ತೀತೆಂದು ಮೈಯನ್ನೇ ಓರೆ ಮಾಡಿ ಕೆಲಸ ಮಾಡುತ್ತಿದ್ದರು. ಜರೀನಾಗೆ ಉಪಾಯ ಹೊಳೆಯಿತು. ಬಾರು ಕತ್ತರಿಸಿ ಉಳಿದ ತೊಗಲಿನ ಚೂರುಗಳನ್ನು ತಂದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೊಂದು ಪಂಪಿಗೂ ಒಂದೊಂದು ಚೀಲ, ಭುಜದ ಕೊಳವೆಗೆ ಒಂದು ಒರೆ ಹೊಲಿದಳು. ಗಾಜಿನ ಕೊಳವೆಯ ಬಾಯಿ ಮಾತ್ರ ತೆರೆದಿತ್ತು. ಚೀಲಕ್ಕೆ ಗುಂಡಿ ಬೇರೆ. ಆಮೇಲೆ ಯಾರೂ ಯಂತ್ರದ ಕಡೆ ತಿರುಗಿ ನೋಡಲಿಲ್ಲ. ಆ ಕೋಣೆಯಲ್ಲಿ ಕೂತ ಮೊದಲ ದಿನ ಮಧ್ಯಾಹ್ನಕ್ಕೇ ನನ್ನ ತಲೆ ಗಿರ್ರೆಂದಿತು, ನಾಲಿಗೆಗೆ ಊಟ ರುಚಿಸಲಿಲ್ಲ. ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. "ಓದಿದ ತಲೆ, ಬೇಗ ಏರ್ತದೆ" ಎಂದು ಚೆಲುವಾಜಮ್ಮ ಕಿಚಾಯಿಸಿದಳು. ವಾಂತಿ ಬಂದರೂ ನಾನು ಸಂಜೆವರೆಗೆ ಎದ್ದುಹೋಗಲಿಲ್ಲ. ಅಳತೆ ಮುಗಿಯುವವರೆಗೆ ಪ್ರತಿದಿನವೂ ಕೂತೆ. ಉಳಿದ ಕಾರ್ಖಾನೆಗಳ ಮೊಳೆಗಳನ್ನು ತುಂಗಾಬಾಯಿಯೇ ಬಾಗಿಲು ಬಡಿದು, ಜಗಳವಾಡಿ ನೋಡಿ, ಅಲ್ಲೂ ಹೀಗೆಯೇ ಮತ್ತೆ ಅಳೆಸಿ ಬಂದರು.

ತಿಂಗಳ ಕೊನೆಗೆ ಸಮಿತಿ ಸೇರಿತು. ಪುರಸಭೆಯ ಹಳೆಯ ಹಜಾರ, ಒಂದು ಕಡೆ ಕಾರ್ಖಾನೆಯವರು, ಇನ್ನೊಂದು ಕಡೆ ನಾವು. ಬಾಗಿಲ ಹೊರಗೆ ಅಂಟುಮನೆಯ ಹೆಂಗಸರು ಗುಂಪಾಗಿ ನಿಂತಿದ್ದರು. ಚೆಲುವಾಜಮ್ಮ ಮಗಳ ಭುಜ ಹಿಡಿದುಕೊಂಡಿದ್ದಳು. ಸುಗುಣಳನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಮುಖ ಊದಿಸಿಕೊಂಡಿದ್ದ, ಗಟ್ಟಿ ಕಾಲುಗಳ ಹುಡುಗಿ.

ತುಂಗಾಬಾಯಿ ಎರಡನೆಯ ಅಳತೆಯನ್ನು ಓದಿದರು. ಅಂಟುಮನೆಯವರ ಕೊಳವೆಗಳಲ್ಲಿ ಹೊಲಿಗೆಯವರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಊರಿನ ಕಾಲುಗಳ ಜೋಮು ಈಗ ಅಳತೆಯ ಜೊತೆ ಜೊತೆಗೇ ಏರುತ್ತಿತ್ತು.

ಶಿವನಂಜಯ್ಯ ಎದ್ದುನಿಂತರು. "ಡಾಕ್ಟರಮ್ಮಾ, ತಪ್ಪು ತಿಳ್ಕೋಬೇಡಿ. ಹೋದ ಸಲದ ಲೆಕ್ಕವೂ ನಿಮ್ಮದೇ, ಈ ಸಲದ್ದೂ ನಿಮ್ಮದೇ. ಯಾವುದನ್ನ ನಂಬೋದು? ಆ ಹೆಂಗಸರು ಕೊಳವೆಯನ್ನ ಸಲ್ಯೂಷನ್ ಡಬ್ಬದ ಮೇಲೇ ಹಿಡಿದಿರಬಹುದಲ್ಲ?"

"ಹಿಡಿದಿರಬಹುದು" ಎಂದರು ತುಂಗಾಬಾಯಿ. "ಅದಕ್ಕೇ ನನ್ನ ಸಹಾಯಕಿ ಅವರ ಪಕ್ಕದಲ್ಲೇ ಕೂತಿದ್ದಳು. ಅವಳು ಡಬ್ಬ ಮುಟ್ಟಿಲ್ಲ. ಅವಳ ಕೊಳವೆಯೂ ಅವರದನ್ನೇ ಹೇಳ್ತಿದೆ. ಇನ್ನು ಹೋದ ಸಲದ ಲೆಕ್ಕ. ಅದೂ ಸುಳ್ಳಲ್ಲ. ಓಣಿಯ ಮೊಳೆಗೆ ಒಂದು ಯಂತ್ರ ತೂಗುಹಾಕಿದ್ದೆವು. ಅದರಲ್ಲಿ ಹೋದ ಸಲದಷ್ಟೇ ಬಂದಿದೆ. ಆಗ ನಾವು ನೋಡಿದ್ದು ಮೊಳೆಗಳ ಆರೋಗ್ಯ. ಮೊಳೆಗಳು ಕ್ಷೇಮವಾಗಿವೆ. ಬಾಗಿಲಿನಿಂದ ಒಳಗೆ ಕೂತವರು ಕ್ಷೇಮವಾಗಿಲ್ಲ."

ಶಿವನಂಜಯ್ಯ ಬಾಗಿಲ ಕಡೆ ನೋಡಿ ಕೂತುಬಿಟ್ಟರು. ಆ ಥಿನ್ನರನ್ನು ಊರಿನ ಯಾವ ಅಂಟುಮನೆಯಲ್ಲೂ ಬಳಸಕೂಡದು, ಬೇರೆಯದು ತರಬೇಕು, ಗೋಡೆ ಒಡೆದು ಗಾಳಿ ಎಳೆಯುವ ಫ್ಯಾನು ಕೂರಿಸಬೇಕು, ಅಲ್ಲಿಯವರೆಗೆ ಹೊಸಬರನ್ನು ಕೂರಿಸಕೂಡದು ಎಂದು ಸಮಿತಿ ಗೊತ್ತುಮಾಡಿತು. ಕಾರ್ಖಾನೆಯವರು ಚಪ್ಪಲಿಯ ಅಂಟು ಬಿಟ್ಟುಕೊಳ್ಳುತ್ತದೆ, ವ್ಯಾಪಾರ ಮುಳುಗುತ್ತದೆ ಎಂದು ಗೊಣಗಿದರು. ಅಂಟು ಬಿಟ್ಟುಕೊಳ್ಳಲಿಲ್ಲ, ವ್ಯಾಪಾರವೂ ಮುಳುಗಲಿಲ್ಲ.

ನಾನು ಹೊರಗೆ ಬಂದು ಚೆಲುವಾಜಮ್ಮನ ಎದುರು ನಿಂತೆ.

"ಅಕ್ಕಾ, ಕೂರಿಸಬೇಡಿ."

ಅವಳು ಮಗಳ ಭುಜ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಉಗುರಿನ ಸಂದಿಯ ಅಂಟು ಒರಟಾಗಿ ತಾಕಿತು. ಸುಗುಣ ತಾಯಿಯ ಕಾಲಿನ ಕಡೆ ನೋಡುತ್ತ, ಊದಿಸಿಕೊಂಡಿದ್ದ ಮುಖವನ್ನು ಮೆಲ್ಲಗೆ ಇಳಿಸಿಕೊಂಡಳು. ಮುಂದೆ ಅವಳು ಹೊಲಿಗೆಯ ಅಂಕಣ ಸೇರಿದಳು, ಅಲ್ಲಿ ಕೂತ ಮೊದಲ ಹೆಂಗಸು ಅವಳೇ. ಅಂದಿನಿಂದ ಚೆಲುವಾಜಮ್ಮ ಅಂಟುಮನೆಗೆ ಕಾಲಿಡಲಿಲ್ಲ. ಡಬ್ಬಕ್ಕೆ ತುಂಬುವ ಕಡೆ ಕೆಲಸ ಮಾಡಿದಳು. ಅವಳ ಕಾಲು ಮೊದಲಿನಂತಾಗುತ್ತದೆಂದು ನಾವು ಯಾರೂ ಮಾತು ಕೊಟ್ಟಿರಲಿಲ್ಲ. ಕೊಡುವ ಹಾಗೂ ಇರಲಿಲ್ಲ. ತಾನೇ ಹಟ ಹಿಡಿದು ಕೂತ ಆ ಕೊನೆಯ ದಿನಗಳು ಅವಳಿಂದ ಎಷ್ಟು ಕಿತ್ತುಕೊಂಡವೋ ಎಂದು ನೆನೆದರೆ ಇಂದಿಗೂ ನನಗೆ ಬೇಸರವಾಗುತ್ತದೆ.

ಕೆಲವು ವರ್ಷಗಳ ಮೇಲೆ ಮತ್ತೊಂದು ಸುತ್ತಿನ ಸಮೀಕ್ಷೆಗೆ ಆ ಊರಿಗೆ ಹೋದೆ. ಬೆಳಗಿನ ಹೊತ್ತು, ಅದೇ ರಸ್ತೆ, ಟಾರು ಕಾಯುತ್ತಿತ್ತು. ಮುಂದೆ ಒಬ್ಬಾಕೆ ಡಬ್ಬಿ ಹಿಡಿದು ನಿಧಾನವಾಗಿ, ಒಂದಿಷ್ಟು ಕುಂಟುತ್ತ ನಡೆಯುತ್ತಿದ್ದಳು. ಬೆನ್ನು ನೋಡಿಯೇ ಯಾರೆಂದು ಗೊತ್ತಾಯಿತು. ತುರುಬಿನಲ್ಲಿ ಈ ಸಲ ಮಲ್ಲಿಗೆಯಿತ್ತು. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಎಡಗಾಲಿನ ಚಪ್ಪಲಿ ಜಾರಿ ರಸ್ತೆಯ ಮೇಲೆ ಉಳಿಯಿತು. ನಾನು ಎತ್ತಿಕೊಡಲು ಹೆಜ್ಜೆ ಚುರುಕುಮಾಡಿದೆ.

ಚೆಲುವಾಜಮ್ಮ ನಿಂತಳು. ಬರಿಗಾಲನ್ನು ಸರಕ್ಕನೆ ಬಿಸಿ ಟಾರಿನಿಂದ ಮೇಲಕ್ಕೆತ್ತಿ, "ಅಬ್ಬಾ, ಸುಡ್ತದೆ!" ಎಂದು ತನ್ನಷ್ಟಕ್ಕೆ ತಾನೇ ನಗುತ್ತ ಹಿಂದಕ್ಕೆ ತಿರುಗಿ, ನೋಡದೆಯೇ, ಕಾಲ್ಬೆರಳುಗಳಿಂದಲೇ ತಡಕಿ, ಕಾಲನ್ನು ಚಪ್ಪಲಿಯೊಳಗೆ ತೂರಿಸಿದಳು.